ಹಳೆಯ ವಿಮಾನದ ಬಟ್ಟೆ ಹರಿದರೆ ಹೊಲಿಯುವುದು ಹೇಗೆ?

ಪುಷ್ಪಕ್ ವಿಮಾನದ ಮೈ ಬಟ್ಟೆಯದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ಈ ಎರಡು ಸೀಟಿನ ವಿಮಾನ ನಮ್ಮ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳಿಗೆ ಪಾಠ ಕಲಿಸಿತು. ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು, ಹೊರಗೆ ಬಿಗಿಯಾದ ಬಟ್ಟೆ, ಅದರ ಮೇಲೆ ಡೋಪ್ ಎಂಬ ಲೇಪ. ಅಮೆರಿಕದ ಪೈಪರ್ ಕಬ್, ಇಂಗ್ಲೆಂಡಿನ ಟೈಗರ್ ಮಾತ್ ವಿಮಾನಗಳ ಹೊದಿಕೆಯೂ ಬಟ್ಟೆಯದೇ. ಇಂಥ ಬಟ್ಟೆ ಹರಿದರೆ ಹೊಲಿದು ಸರಿ ಮಾಡಬಹುದು. ಹಾರುವ ವಿಮಾನವಾದರೆ ಲೈಸೆನ್ಸ್ ಇರುವ ಎಂಜಿನಿಯರ್ ಜೊತೆಗಿರಲೇಬೇಕು.

ಮೊದಲು ಸೂಜಿ ಹುಡುಕಬೇಡಿ. ಹರಿದ ಜಾಗದ ಸುತ್ತಲಿನ ಬಟ್ಟೆಗೆ ಇನ್ನೂ ಶಕ್ತಿ ಇದೆಯಾ ನೋಡಿ. ವಿಮಾನಕ್ಕೆಂದೇ ಇರುವ ‘ಗ್ರೇಡ್ ಎ’ ಹತ್ತಿಬಟ್ಟೆ ಹೊಸದಿದ್ದಾಗ ಒಂದಿಂಚು ಅಗಲದ ಪಟ್ಟಿ 80 ಪೌಂಡ್ ಎಳೆತ ತಡೆಯುತ್ತದೆ. ಅದು 56ಕ್ಕಿಂತ ಕೆಳಗೆ ಇಳಿದಿದ್ದರೆ ತೇಪೆ ಹಾಕಿ ಪ್ರಯೋಜನವಿಲ್ಲ, ಹೊದಿಕೆಯನ್ನೇ ಬದಲಿಸಬೇಕು. ಬಿಸಿಲಿಗೆ ಜಾಸ್ತಿ ಒಡ್ಡಿಕೊಳ್ಳುವ ರೆಕ್ಕೆಯ ಮೇಲ್ಭಾಗವೇ ಮೊದಲು ಸೋಲುವುದು, ಪರೀಕ್ಷೆ ಅಲ್ಲೇ ಮಾಡಿ. ಬಟ್ಟೆ ಹತ್ತಿಯದೋ ಪಾಲಿಯೆಸ್ಟರ್‌ನದೋ, ಯಾವ ಲೇಪ ಹಚ್ಚಿದ್ದಾರೆ ಎಂಬುದನ್ನು ಲಾಗ್‌ಬುಕ್‌ನಲ್ಲಿ ನೋಡಿಕೊಳ್ಳಿ. ಒಂದು ಬಗೆಯ ಲೇಪದ ಮೇಲೆ ಇನ್ನೊಂದು ಬಗೆಯದು ಕೂರದೆ ಎದ್ದು ಬರಬಹುದು. ಮುಂದಿನ ಮಾತೆಲ್ಲ ಹತ್ತಿ ಮತ್ತು ಡೋಪ್‌ಗೆ ಸೇರಿದ್ದು.

ಇನ್ನು, ಹರಿದ ಜಾಗದಿಂದ ಟಾರ್ಚ್ ಬಿಟ್ಟು ಒಳಗೆ ನೋಡಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಬಾಲದ ಚಕ್ರದ ಮೇಲೆ ಕೂರುವ ವಿಮಾನದಲ್ಲಿ ನೀರು ಹಿಂದಕ್ಕೆ ಹರಿದು ಕೆಳಗಿನ ಕೊಳವೆಗಳ ಹತ್ತಿರ ನಿಲ್ಲುತ್ತದೆ. ತುಕ್ಕು ಶುರುವಾಗುವುದು ಅಲ್ಲೇ. ಚೂಪಾದ ದಬ್ಬಳದಿಂದ ಕೊಳವೆಯನ್ನು ಒತ್ತಿ ನೋಡಿ. ತಗ್ಗು ಬಿದ್ದರೆ ಬಟ್ಟೆಯ ಮಾತು ಆಮೇಲೆ, ಮೊದಲು ಕೊಳವೆ ರಿಪೇರಿ ಆಗಬೇಕು. ಬಟ್ಟೆಯ ತಳದಲ್ಲಿ ನೀರು ಇಳಿಯಲು ಬಿಟ್ಟ ತೂತುಗಳು ಮುಚ್ಚಿಹೋಗಿದ್ದರೆ ಬಿಡಿಸಿ.

ಹೊಲಿಯುವ ಮುಂಚೆ ಹರಿದ ಗೆರೆಯ ಎರಡೂ ಕಡೆ ಸುಮಾರು ಎರಡಿಂಚು ಬಣ್ಣ, ಅದರಡಿಯ ಬೆಳ್ಳಿ ಬಣ್ಣದ ಲೇಪ ತೆಗೆದು ಕೆಳಗಿನ ಪಾರದರ್ಶಕ ಡೋಪ್‌ವರೆಗೆ ಬನ್ನಿ. ಥಿನ್ನರ್ ಹಚ್ಚಿ ಮೆತ್ತಗಾದ ಮೇಲೆ ನಿಧಾನವಾಗಿ ಕೆರೆಯಿರಿ. ಅವಸರ ಮಾಡಿದರೆ ಎಳೆ ಕತ್ತರಿಸುತ್ತದೆ. ಬಾಗಿದ ಸೂಜಿಗೆ ಜೇನುಮೇಣ ಸವರಿದ ದಾರ ಪೋಣಿಸಿ. ಅಂಚಿನಿಂದ ಕಾಲಿಂಚು ಬಿಟ್ಟು ಒಳಗಿಂದ ಹೊರಗೆ ಚುಚ್ಚಿ, ಮುಂದಿನದನ್ನು ಎದುರು ಅಂಚಿನಲ್ಲಿ ಹಾಗೆಯೇ ಚುಚ್ಚಿ. ಹೀಗೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಎಂಟು ಹತ್ತು ಹೊಲಿಗೆಗೊಮ್ಮೆ ಗಂಟು ಹಾಕಿ, ಆಗ ಒಂದು ಕಡೆ ದಾರ ಕಡಿದರೂ ಉಳಿದದ್ದು ಬಿಚ್ಚುವುದಿಲ್ಲ. ಎಳೆತ ಒಂದೇ ಸಮ ಇರಲಿ, ಬಟ್ಟೆ ಸುಕ್ಕಾಗಬಾರದು.

ಹೊಲಿಗೆಯ ಮೇಲೆ ಡೋಪ್ ಹಚ್ಚಿ, ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ ಬಟ್ಟೆಯ ತೇಪೆ ಕೂರಿಸಿ. ಒಳಗೆ ಗಾಳಿ ಉಳಿಯದಂತೆ ಬೆರಳಿನಿಂದ ಒತ್ತಿ. ಆಮೇಲೆ ತೆಳುವಾಗಿ, ಒಂದೊಂದು ಪದರ ಒಣಗಿದ ಮೇಲೆ ಇನ್ನೊಂದು. ಡೋಪ್ ಒಣಗುತ್ತ ಬಟ್ಟೆಯನ್ನು ಎಳೆದು ಬಿಗಿ ಮಾಡುತ್ತದೆ. ಡೋಪ್‌ನಲ್ಲಿ ನೈಟ್ರೇಟ್, ಬ್ಯುಟಿರೇಟ್ ಎಂಬ ಬಗೆಗಳಿವೆ. ನೈಟ್ರೇಟ್ ಡೋಪ್ ಮೇಲೆ ಬ್ಯುಟಿರೇಟ್ ಹಚ್ಚಬಹುದು, ಬ್ಯುಟಿರೇಟ್ ಮೇಲೆ ನೈಟ್ರೇಟ್ ಬೇಡ. ಬಣ್ಣಕ್ಕಿಂತ ಮುಂಚೆ ಅಲ್ಯೂಮಿನಿಯಂ ಪುಡಿ ಬೆರೆಸಿದ ಬೆಳ್ಳಿ ಲೇಪ ಮರೆಯಬೇಡಿ. ಬಿಸಿಲಿನಿಂದ ಬಟ್ಟೆಯನ್ನು ಕಾಯುವುದು ಅದೇ.

ಮಳೆಗಾಲದಲ್ಲಿ ಈ ಕೆಲಸ ಮುಂದಕ್ಕೆ ಹಾಕುವುದು ಒಳ್ಳೆಯದು. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಡೋಪ್ ಬೆಳ್ಳಗೆ ಮಂಜು ಹಿಡಿದಂತಾಗಿ ಬಲ ಕಳೆದುಕೊಳ್ಳುತ್ತದೆ. ಬೆಂಕಿಯ ವಿಷಯದಲ್ಲಿ ಸಡಿಲ ಬಿಡಲೇಬೇಡಿ. ನೈಟ್ರೇಟ್ ಡೋಪ್ ಕ್ಷಣದಲ್ಲಿ ಹತ್ತಿಕೊಳ್ಳುತ್ತದೆ. ಒಣ ಉಜ್ಜುಕಾಗದದ ತಿಕ್ಕಾಟದಿಂದ ಹುಟ್ಟುವ ಕಿಡಿಯೂ ಸಾಕು, ಹಾಗಾಗಿ ನೀರು ಹಾಕಿಯೇ ಉಜ್ಜಿ, ಚೌಕಟ್ಟಿಗೆ ಅರ್ಥಿಂಗ್ ಕೊಡಿ, ಕಿಟಕಿ ಬಾಗಿಲು ತೆರೆದಿಡಿ.

ತೇಪೆ ಬಿದ್ದದ್ದು ಐಲರಾನ್, ಎಲಿವೇಟರ್ ಅಥವಾ ರಡ್ಡರ್ ಮೇಲಾದರೆ, ಅಂದರೆ ವಿಮಾನವನ್ನು ವಾಲಿಸುವ, ಏರಿಳಿಸುವ, ತಿರುಗಿಸುವ ಹಿಂಜಿನ ಭಾಗಗಳ ಮೇಲಾದರೆ, ಇನ್ನೊಂದು ಕೆಲಸ ಇದೆ. ಹಿಂಜಿನ ಹಿಂದೆ ತೂಕ ಹೆಚ್ಚಾದರೆ ಆ ಭಾಗ ವೇಗದಲ್ಲಿ ಅದುರಬಹುದು, ಅದು ಅಪಾಯ. ಬ್ಯಾಲೆನ್ಸ್ ನೋಡಿ, ಎಂಜಿನಿಯರ್ ಪರೀಕ್ಷಿಸಿ ಲಾಗ್‌ಬುಕ್‌ಗೆ ಸಹಿ ಹಾಕಿದ ಮೇಲೆಯೇ ವಿಮಾನವನ್ನು ಹೊರಗೆ ತಳ್ಳಿ.