ಲಾಳ ಬಿಚ್ಚಿದ ಮೇಲೆ: ಕೆಟ್ಟ ಗೊರಸನ್ನು ಸರಿಪಡಿಸುವ ಬಗೆ

ಕರಾವಳಿಯ ಮಳೆ ಕುದುರೆಯ ಕಾಲಿಗೆ ಒಗ್ಗುವಂಥದ್ದಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಲಾಯದ ನೆಲ ಒಣಗುವುದೇ ಕಷ್ಟ. ತೇವಕ್ಕೆ ಮೆತ್ತಗಾದ ಗೊರಸಿನಲ್ಲಿ ಲಾಳದ ಮೊಳೆ ಸಡಿಲವಾಗುತ್ತದೆ, ಮೊಳೆ ತೂತಿನ ಸುತ್ತ ಗೊರಸಿನ ಗಟ್ಟಿ ಹೊರಗೋಡೆ ಚಕ್ಕೆ ಏಳುತ್ತದೆ, ತಳದ ಸೀಳಿನಲ್ಲಿ ಕೊಳೆ ಶುರುವಾಗುತ್ತದೆ. ಇಂಥ ಗೊರಸನ್ನು ಲಾಳವಿಲ್ಲದೆ, ಸ್ವಲ್ಪಸ್ವಲ್ಪವೇ ಹೆರೆಯುತ್ತ ಮತ್ತೆ ಗಟ್ಟಿ ಮಾಡಬಹುದು. ಅವಸರ ಮಾತ್ರ ಸಲ್ಲದು. ಗೋಡೆ ತಿಂಗಳಿಗೆ ಬೆಳೆಯುವುದು ಸುಮಾರು 6ರಿಂದ 10 ಮಿ.ಮೀ.; ಮುಂತುದಿಯಲ್ಲಿ ರೋಮದ ಅಂಚಿನಿಂದ ನೆಲದ ತನಕ ಹೊಸ ಗೋಡೆ ಇಳಿಯಲು 9ರಿಂದ 12 ತಿಂಗಳು ಬೇಕು. ನವೆಂಬರ್‌ನಲ್ಲಿ ಲಾಳ ಬಿಚ್ಚಿದರೆ ಮುಂದಿನ ಮಳೆಯೊಳಗೆ ಅರ್ಧದಷ್ಟಾದರೂ ಹೊಸ ಗೋಡೆ ಸಿಗುತ್ತದೆ. ಮಂಗಳೂರು, ಉಡುಪಿ ಕಡೆಗೆ ಅದೇ ಸರಿಯಾದ ಕಾಲ.

ಮೊದಲು ಕಾಲು ಮುಟ್ಟಿ ನೋಡಿ

ಗೊರಸು ಬಿಸಿಯಾಗಿದೆಯೇ? ಕಾಲಿನ ಹಿಂಬದಿ, ಗೊರಸಿನ ಮೇಲಿನ ಗಂಟಿನ ಹತ್ತಿರ ನಾಡಿ ಜೋರಾಗಿ ಬಡಿಯುತ್ತಿದೆಯೇ? ಆರೋಗ್ಯವಾಗಿರುವ ಕುದುರೆಯಲ್ಲಿ ಆ ನಾಡಿ ಹುಡುಕಿದರೂ ಸಿಗುವುದು ಕಷ್ಟ. ಬಿಸಿ ಮತ್ತು ಬಡಿತ ಎರಡೂ ಇದ್ದರೆ, ಅಥವಾ ತಳದ ಮುಂಭಾಗ ಉಬ್ಬಿದ್ದರೆ ಲ್ಯಾಮಿನೈಟಿಸ್, ಅಂದರೆ ಗೋಡೆಯನ್ನು ಒಳಗಿನ ಎಲುಬಿಗೆ ಹಿಡಿದಿಡುವ ಪದರದ ಉರಿಯೂತ, ಇರಬಹುದು. ಕತ್ತಿ ಕೆಳಗಿಟ್ಟು ಪಶುವೈದ್ಯರನ್ನು ಕರೆಸಿ, ಎಕ್ಸ್‌ರೇ ನೋಡಿದ ಮೇಲೆಯೇ ಮುಂದುವರಿಯಿರಿ. ಧನುರ್ವಾಯು ಲಸಿಕೆ ಆಗಿದೆಯೇ ಎಂದೂ ಕೇಳಿಕೊಳ್ಳಿ. ಪ್ರತಿ ಸಲ ಹೆರೆಯುವ ಮುಂಚೆ ಬದಿಯಿಂದ, ತಳದಿಂದ, ಹಿಂದಿನಿಂದ ಒಂದೊಂದು ಫೋಟೊ ತೆಗೆದಿಡಿ. ಬದಲಾವಣೆ ಎಷ್ಟು ನಿಧಾನವೆಂದರೆ ಫೋಟೊ ಇಲ್ಲದಿದ್ದರೆ ಗೊತ್ತೇ ಆಗುವುದಿಲ್ಲ.

ಕೊಳೆ ಹೋಗದೆ ಹೆರೆದು ಫಲವಿಲ್ಲ

ತಳದ ನಡುವೆ ಮುಕ್ಕೋನಾಕಾರದ ಮೆತ್ತನೆಯ ಭಾಗವಿದೆಯಲ್ಲ, ಫ್ರಾಗ್, ಅದರ ಸೀಳು ಹೆಬ್ಬೆರಳು ಊರಿದಷ್ಟು ಅಗಲದ, ಆಳವಿಲ್ಲದ ಗುಳಿಯಾಗಿರಬೇಕು. ಅದು ಕಿರಿದಾಗಿ, ಒಳಗೆ ಹತ್ತಿ ಸುತ್ತಿದ ಕಡ್ಡಿ ಇಳಿಯುವಷ್ಟು ಆಳವಾಗಿ, ಕಪ್ಪು ಕೀವು ನಾರುತ್ತಿದ್ದರೆ ಕೊಳೆ ಒಳಗೆ ಹೋಗಿದೆ ಎಂದರ್ಥ. ನೋವಿಗೆ ಕುದುರೆ ಹಿಮ್ಮಡಿ ಊರುವುದಿಲ್ಲ, ಮುಂತುದಿಯಲ್ಲೇ ನಡೆಯುತ್ತದೆ. ಹಿಮ್ಮಡಿಗೆ ಕೆಲಸವಿಲ್ಲದೆ ಅದು ಇನ್ನಷ್ಟು ಮುದುಡುತ್ತದೆ.

ದಿನಕ್ಕೊಮ್ಮೆ ತೊಳೆದು, ಬಟ್ಟೆಯಿಂದ ಒರೆಸಿ, ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯ ತುಂಡನ್ನು ಸೀಳಿನೊಳಗೆ ಸಡಿಲವಾಗಿ ಇಡಿ, ಮರುದಿನ ಬದಲಿಸಿ. ಫಾರ್ಮಲಿನ್, ಸುಟ್ಟ ಎಂಜಿನ್ ಎಣ್ಣೆ ಹಚ್ಚುವುದು ಬೇಡ. ಅವು ಕೊಳೆಯ ಜೊತೆಗೆ ಜೀವಂತ ಚರ್ಮವನ್ನೂ ಸುಡುತ್ತವೆ. ನಮ್ಮ ಕಡೆ ದನದ ಹಟ್ಟಿಗೆ ಹಸಿ ಸೊಪ್ಪು ಹಾಸುವುದು ರೂಢಿ. ಗೊಬ್ಬರಕ್ಕೆ ಅದು ಒಳ್ಳೆಯದೇ, ಕುದುರೆಯ ಲಾಯಕ್ಕೆ ಮಾತ್ರ ಬೇಡವೇ ಬೇಡ. ಇಳಿಜಾರಿನ ನೆಲದ ಮೇಲೆ ದಪ್ಪಗೆ ಒಣ ಮರದ ಹೊಟ್ಟು ಹಾಸಿ, ಉಚ್ಚೆ ಬಿದ್ದ ಜಾಗವನ್ನು ದಿನಕ್ಕೆರಡು ಸಲ ತೆಗೆದುಹಾಕಿ.

ಹೆರೆಯುವ ಕ್ರಮ

ಬೇಕಾಗುವುದು ಗೊರಸು ಕೆರೆಯುವ ಕೊಕ್ಕೆ, ಹರಿತವಾದ ಗೊರಸು ಕತ್ತಿ, ಕತ್ತರಿಸುವ ಇಕ್ಕಳ, 14 ಇಂಚಿನ ಅರ ಮತ್ತು ಕೈಗವಸು. ಮೊದಲ ಕೆಲವು ಸಲ ಅನುಭವಿಗಳ ಎದುರಿನಲ್ಲೇ ಮಾಡಿ. ಲಾಳ ತೆಗೆಯುವಾಗ ಮೊಳೆಗಳ ಮಡಚಿದ ತುದಿಯನ್ನು ನೇರ ಮಾಡಿಕೊಂಡು ಹಿಮ್ಮಡಿ ಕಡೆಯಿಂದ ಎಬ್ಬಿಸಿ. ಒಮ್ಮೆಲೇ ಎಳೆದರೆ ಗೋಡೆ ಕಿತ್ತು ಬರುತ್ತದೆ.

ತಳದಲ್ಲಿ ಪುಡಿಪುಡಿಯಾಗಿ ಉದುರುವ ಸತ್ತ ಪದರವನ್ನಷ್ಟೇ ತೆಗೆಯಿರಿ. ನುಣುಪಾದ, ಮೇಣದ ಹೊಳಪಿನ ಪದರ ಕಂಡ ಕೂಡಲೇ ನಿಲ್ಲಿಸಬೇಕು. ಹೆಚ್ಚು ಹಾನಿಯಾಗುವುದು ಇಲ್ಲೇ: ನೋಡಲು ಚೊಕ್ಕಟವಾಗಲಿ ಎಂದು ತಳವನ್ನು ಬಟ್ಟಲಿನಂತೆ ತೋಡುತ್ತಾರೆ, ಫ್ರಾಗ್ ಕೆತ್ತಿ ಚೂಪು ಮಾಡುತ್ತಾರೆ. ಒಳಗಿನ ಎಲುಬಿಗೆ ಆ ದಪ್ಪವೇ ರಕ್ಷೆ. ಫ್ರಾಗ್‌ನಲ್ಲಿ ಜೋತುಬಿದ್ದ ಚೂರು ಮಾತ್ರ ಕತ್ತರಿಸಿ.

ಹಿಮ್ಮಡಿಯ ಗೋಡೆ ಜೀವಂತ ತಳಕ್ಕಿಂತ 2–3 ಮಿ.ಮೀ. ಎತ್ತರ ಉಳಿಯಲಿ. ಮುಂದಕ್ಕೆ ಮಲಗಿದ ಹಿಮ್ಮಡಿಯನ್ನು ಹಲವು ಸರದಿಗಳಲ್ಲಿ ಹಿಂದಕ್ಕೆ ತರಬೇಕು. ಒಂದೇ ದಿನ ಬಹಳ ಇಳಿಸಿದರೆ ಕಾಲಿನ ಹಿಂದಿನ ಸ್ನಾಯುರಜ್ಜು ಎಳೆದುಕೊಳ್ಳುತ್ತದೆ.

ಮುಂತುದಿ ಉದ್ದವಾಗಿ ಚಾಚಿದ್ದರೆ ಬದಿಯಿಂದ ನೋಡಿ. ರೋಮದ ಅಂಚಿನ ಕೆಳಗಿನ 1–2 ಸೆಂ.ಮೀ. ಹೊಸ ಗೋಡೆ ಒಂದು ಕೋನದಲ್ಲಿ ಇಳಿದು, ಅದರ ಕೆಳಗೆ ಹೊರಕ್ಕೆ ಬಾಗಿರುತ್ತದೆ. ಆ ಹೊಸ ಕೋನವೇ ನಿಮಗೆ ದಾರಿ. ಬಾಗಿದ ಗೋಡೆ ನೆಲಕ್ಕೆ ತಾಗಿದಾಗಲೆಲ್ಲ ಸನ್ನೆಕೋಲಿನಂತೆ ಮೀಟಿ, ಗೋಡೆ ಮತ್ತು ತಳ ಕೂಡುವಲ್ಲಿನ ಬಿಳಿ ಗೆರೆಯನ್ನು ಹರಿಯುತ್ತದೆ. ಹರಿದಲ್ಲಿ ಮಣ್ಣು ಸೇರುತ್ತದೆ. ಆದ್ದರಿಂದ ಗೋಡೆಯ ಹೊರ ಅಂಚನ್ನು ಅರದಿಂದ ಸುಮಾರು 45 ಡಿಗ್ರಿಗೆ ಓರೆ ಮಾಡಿ, ಅಂಚು ಉರುಟಾಗಿಸಿ. ತಳದ ಒಳಕ್ಕೆ ಅರ ಹೋಗಬಾರದು. ಹೊರಮೈಯನ್ನು ಕೆಳಗಿನ ಮೂರನೇ ಒಂದು ಭಾಗಕ್ಕಿಂತ ಮೇಲೆ ಉಜ್ಜಬಾರದು.

ಕೆಟ್ಟ ಗೊರಸಿಗೆ 2–4 ವಾರಕ್ಕೊಮ್ಮೆ, ಸುಧಾರಿಸಿದ ಮೇಲೆ 4–6 ವಾರಕ್ಕೊಮ್ಮೆ ಹೆರೆದರೆ ಸಾಕು.

ಮೇವು, ನಡಿಗೆ

ಅಕ್ಕಿ ತೌಡು, ಬೆಲ್ಲ, ಧಾನ್ಯ ಕಡಿಮೆ ಮಾಡಿ. ಗೊರಸಿನ ಪದರ ಸಡಿಲವಾಗಲು ಅವು ದೊಡ್ಡ ಕಾರಣ. ಬದಲಾವಣೆ 7–10 ದಿನಗಳಲ್ಲಿ ನಿಧಾನವಾಗಿ ಆಗಲಿ. ಒಣಹುಲ್ಲನ್ನು 30–60 ನಿಮಿಷ ನೀರಲ್ಲಿ ನೆನೆಸಿ ಹಿಂಡಿದರೆ ಸಕ್ಕರೆ ಕೊಂಚ ಇಳಿಯುತ್ತದೆ, ಆದರೆ ನಮ್ಮ ಸೆಕೆಗೆ ಬೇಗ ಹುಳಿಯುವುದರಿಂದ ಕೂಡಲೇ ತಿನ್ನಿಸಿ. ತಾಮ್ರ, ಸತುವಿರುವ ಖನಿಜ ಮಿಶ್ರಣದ ಅಳತೆ ವೈದ್ಯರಿಂದ ತಿಳಿಯಿರಿ.

ಲ್ಯಾಮಿನೈಟಿಸ್ ಇಲ್ಲದ ಕುದುರೆಯನ್ನು ಸಮತಟ್ಟು ನೆಲದಲ್ಲಿ ದಿನಕ್ಕೆರಡು ಸಲ 10–15 ನಿಮಿಷ ಹಿಡಿದು ನಡೆಸಿ. ಕಡಲ ತೀರದ ಮರಳಿಗಷ್ಟೇ ಒಗ್ಗಿದ ಗೊರಸು ಮುರಕಲ್ಲಿನ ಚೂಪು ತುಂಡುಗಳನ್ನು ಸಹಿಸದು. ಅಂಥ ದಾರಿಗೆ ಫೋಮ್ ಪ್ಯಾಡ್ ಇರುವ ಗೊರಸು ಬೂಟು ಹಾಕಿ. ನೀರಿನ ತೊಟ್ಟಿಯ ಸುತ್ತ ಹೊಳೆಯ ಸಣ್ಣ ಉರುಟು ಕಲ್ಲು ಹರಡಿದರೆ ನಿಂತಲ್ಲೇ ತಳಕ್ಕೆ ವ್ಯಾಯಾಮ. ಹಿಮ್ಮಡಿ ಮೊದಲು ನೆಲ ಮುಟ್ಟುತ್ತಿದ್ದರೆ ದಾರಿ ಸರಿಯಿದೆ. ಹೆರೆದ ಮರುದಿನ ಕುಂಟಿದರೆ ನೀವು ಹೆಚ್ಚು ತೆಗೆದಿದ್ದೀರಿ. ಮುಂದಿನ ಸಲ ಅರ್ಧಕ್ಕೆ ನಿಲ್ಲಿಸಿ. ವಾರಗಳ ನಂತರ ಹಠಾತ್ತಾಗಿ ಒಂದೇ ಕಾಲು ಎತ್ತಿ ನಿಂತರೆ ಒಳಗೆ ಕೀವು ಕಟ್ಟಿರಬಹುದು. ತೋಡಲು ಹೋಗದೆ ಅದೇ ದಿನ ವೈದ್ಯರಿಗೆ ತೋರಿಸಿ.