ನೋವಿಲ್ಲದ ಗಾಯ

ಆಕೆ ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ಆರಿಸುವವರು. ಇಳಿತದ ಹೊತ್ತಿಗೆ ಬರಿಗಾಲಲ್ಲಿ ಕೆಸರಿಗಿಳಿದರೆ ಎರಡು ಮೂರು ತಾಸು ಅಲ್ಲೇ. ಕುಮಟೆಯ ನನ್ನ ಕ್ಲಿನಿಕ್ಕಿಗೆ ಮಗ ಕರೆತಂದಾಗ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣಿತ್ತು.

"ನೋವೇನಿಲ್ಲ ಡಾಕ್ಟ್ರೇ, ಸುಮ್ನೆ ಇವ ಎಳ್ಕೊಂಡ್ ಬಂದ" ಎಂದರು.

ಆ ಮಾತಿಗೇ ನನಗೆ ಜಾಸ್ತಿ ಭಯವಾಯಿತು. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿದೆ. ಎಲ್ಲೂ ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆ ಪಾದದ ನರಗಳ ಸ್ಪರ್ಶವನ್ನೇ ಕಸಿದಿತ್ತು. ಚಿಪ್ಪು ಯಾವಾಗ ಕೊಯ್ದಿತ್ತೋ ಅವರಿಗೇ ತಿಳಿದಿರಲಿಲ್ಲ.

ಪಾದದ ನಾಡಿ ಚೆನ್ನಾಗಿತ್ತು. ಎಕ್ಸ್‌ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಸತ್ತ ಚರ್ಮ ಕೆತ್ತಿದೆ, ಆಂಟಿಬಯೋಟಿಕ್ ಕೊಟ್ಟೆ, ಇನ್ಸುಲಿನ್ ಶುರು ಮಾಡಿದೆ. ಬೆಳವಣಿಗೆಯ ಪ್ರೋಟೀನ್ ಇರುವ ಜೆಲ್ಲನ್ನೂ ಹಚ್ಚಿಸಿದೆ. ವಾರಕ್ಕೊಮ್ಮೆ ಪ್ಲಾಸ್ಟಿಕ್ ಹಾಳೆಯಿಟ್ಟು ಹುಣ್ಣಿನ ಅಂಚಿಗೆ ಗೆರೆ ಎಳೆದುಕೊಳ್ಳುತ್ತಿದ್ದೆ. ಸೋಂಕು ಹೋಯಿತು. ಆದರೆ ಮೂರು ವಾರ ಕಳೆದರೂ ಗೆರೆ ಮಾತ್ರ ಒಂದರ ಮೇಲೊಂದು ಕೂರುತ್ತಿತ್ತು. ಇಂಥ ಹುಣ್ಣು ನಾಲ್ಕು ವಾರದಲ್ಲಿ ಅರ್ಧಕ್ಕಿಳಿಯದಿದ್ದರೆ ದಾರಿ ಬದಲಿಸಬೇಕು.

ಆಗ ಮಗ ಕೇಳಿದ, "ಜೀನ್ ಥೆರಪಿ ಅಂತ ಇದೆಯಂತಲ್ಲ? ಮಂಗಳೂರಿಗಾದ್ರೂ ಕರ್ಕೊಂಡ್ ಹೋಗ್ತೆ."

ಒಳ್ಳೆಯ ಪ್ರಶ್ನೆ. ಕೂರಿಸಿ ಹೇಳಿದೆ. ಸಕ್ಕರೆ ಕಾಯಿಲೆಯ ಹುಣ್ಣಿನಲ್ಲಿ "ಹೊಸ ರಕ್ತನಾಳ ಕಟ್ಟು" ಎನ್ನುವ ಸಂದೇಶ ಕಡಿಮೆ. ಹೊರಗಿನಿಂದ ಹಚ್ಚಿದ ಪ್ರೋಟೀನನ್ನು ಹುಣ್ಣಿನ ರಸವೇ ಬೇಗ ಕರಗಿಸಿಬಿಡುತ್ತದೆ. ಅದರ ಬದಲು ಆ ಪ್ರೋಟೀನ್ ತಯಾರಿಸುವ ಜೀನನ್ನೇ ಒಳಗೆ ಬಿಟ್ಟರೆ, ಅಲ್ಲಿನ ಜೀವಕೋಶಗಳೇ ಕೆಲವು ದಿನ ಅದನ್ನು ತಯಾರಿಸುತ್ತವೆ. 2023ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಹಾಕುವ ಜೀನ್ ಜೆಲ್ ಒಂದಕ್ಕೆ ಒಪ್ಪಿಗೆ ಸಿಕ್ಕಿದೆ. ಆದರೆ ಅದು ಚರ್ಮ ಬೊಬ್ಬೆಯೆದ್ದು ಸುಲಿಯುವ ಹುಟ್ಟು ಕಾಯಿಲೆಗೆ. ಕಾಲಿನ ರಕ್ತನಾಳ ಮುಚ್ಚಿಹೋಗಿ ಆಗುವ ಹುಣ್ಣಿಗೆ ಜಪಾನ್ 2019ರಲ್ಲಿ ಜೀನ್ ಇಂಜೆಕ್ಷನ್ ಒಂದಕ್ಕೆ ಷರತ್ತಿನ ಒಪ್ಪಿಗೆ ಕೊಟ್ಟಿತ್ತು. ಮೊದಲಿನಷ್ಟು ಫಲ ಮತ್ತೆ ಕಾಣದೆ 2024ರಲ್ಲಿ ಕಂಪನಿಯೇ ಹಿಂದೆ ಸರಿಯಿತು.

ಹೊಸ ನಾಳ ಕೂದಲಿಗಿಂತ ಸಣ್ಣ ಎನ್ನುತ್ತಿರುವಾಗಲೇ ಆಕೆ ಎದ್ದು ಬಾಗಿಲ ತನಕ ನಡೆದರು. ಇಡೀ ಮೈಭಾರ ಹುಣ್ಣಿನ ಮೇಲೆ! ಯಾವ ನಾಳ ಉಳಿದೀತು ಅಲ್ವಾ? ಮೂರು ವಾರ ನಾನು ಹುಣ್ಣು ನೋಡಿದ್ದೆ, ನಡಿಗೆ ನೋಡಿರಲಿಲ್ಲ. ಅದು ನನ್ನದೇ ತಪ್ಪು.

ಮರುದಿನವೇ ಪಾದಕ್ಕೆ ಸರಿಯಾಗಿ ಅಂಟುವ, ಮೊಣಕಾಲಿನ ಕೆಳಗಿನವರೆಗಿನ ಪ್ಲಾಸ್ಟರ್ ಹಾಕಿದೆ. ಭಾರ ಒಂದೇ ಕಡೆ ಬೀಳದೆ ಇಡೀ ಅಂಗಾಲಿಗೆ, ಮೀನಖಂಡಕ್ಕೆ ಹಂಚಿಹೋಗುತ್ತದೆ. ವೆಲ್ಲೂರಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಸ್ಪರ್ಶವಿಲ್ಲದ ಪಾದ ಉಳಿಸಲು ಬಳಸಿದ್ದು ಇದೇ ಉಪಾಯ. ಬಾವು ಇಳಿದು ಪ್ಲಾಸ್ಟರ್ ಸಡಿಲವಾಗುತ್ತದೆ, ಹಾಗಾಗಿ ಮೊದಲನೆಯದನ್ನು ಮೂರೇ ದಿನಕ್ಕೆ ಬದಲಿಸಿದೆ. ಆಮೇಲೆ ವಾರಕ್ಕೊಮ್ಮೆ. ಕಷ್ಟವಾಗಿದ್ದು ಮಳೆ. ಅಂಗಳ ದಾಟಿದರೆ ನೀರು. ಸೊಸೆ ಪ್ರತಿಸಲ ಅಕ್ಕಿ ಚೀಲದ ಪ್ಲಾಸ್ಟಿಕ್ ಸುತ್ತಿ ಕಟ್ಟುತ್ತಿದ್ದಳು. ಆಕೆಯಿಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ.

ಎರಡನೇ ವಾರಕ್ಕೆ ಗೆರೆ ಒಳಗೆ ಸರಿಯಿತು. ಒಂಬತ್ತನೇ ವಾರ ಹಾಳೆಯ ಮೇಲೆ ಎಳೆಯಲು ಏನೂ ಉಳಿದಿರಲಿಲ್ಲ.

ಈಗ ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಹಾಕುತ್ತಾರೆ. ಕೆಸರಿಗೆ ಮಗನೇ ಇಳಿಯುತ್ತಾನೆ. ಕಳೆದ ವಾರ ಬಂದಾಗ ಎಡಗಾಲಿನ ಅದೇ ಜಾಗದಲ್ಲಿ ಆಣಿಯಂಥ ಗಟ್ಟಿ ಚರ್ಮ ಕಂಡಿತು. ಕೆತ್ತಿ ತೆಗೆದೆ. ಕೆಳಗೆ ರಕ್ತ ಹೆಪ್ಪುಗಟ್ಟಿರಲಿಲ್ಲ, ಹುಣ್ಣು ಶುರುವಾಗಿರಲಿಲ್ಲ.