ಮಲೆನಾಡಿನಿಂದ ಅರಬ್ ದೇಶದ ರಾಯಭಾರ ಕಚೇರಿಗೆ

ಭಾರತೀಯ ವಿದೇಶಾಂಗ ಸೇವೆಗೂ ಅರಣ್ಯ ಸೇವೆಗೂ ಇಂಗ್ಲಿಷಿನ ಕಿರುಹೆಸರು ಒಂದೇ, ಐಎಫ್‌ಎಸ್. ಶಿವಮೊಗ್ಗದಲ್ಲಿ ಐಎಫ್‌ಎಸ್ ಅಂದರೆ ಜನಕ್ಕೆ ನೆನಪಾಗುವುದು ಅರಣ್ಯ ಇಲಾಖೆಯ ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಸಾಹೇಬರು. ಈ ಗೊಂದಲ ಮಾತಿನಲ್ಲಿದ್ದರೆ ಅಡ್ಡಿಯಿಲ್ಲ, ಅರ್ಜಿಯಲ್ಲಿ ಇರಬಾರದು. ಅರಣ್ಯ ಸೇವೆಗೂ ವಿದೇಶಾಂಗ ಸೇವೆಗೂ ಯುಪಿಎಸ್‌ಸಿ ಪ್ರಿಲಿಮ್ಸ್ ಒಂದೇ, ಮೇನ್ಸ್ ಮಾತ್ರ ಬೇರೆ. ಸಿವಿಲ್ ಸರ್ವೀಸಸ್ ಬರೆದು, ಆದ್ಯತೆಯ ಪಟ್ಟಿಯಲ್ಲಿ ವಿದೇಶಾಂಗ ಸೇವೆಯನ್ನೇ ಮೊದಲು ಹಾಕಿ. ಮನೆಯವರ ಮಾತಿಗೆ ಐಎಎಸ್ ಮೊದಲು ಬರೆದವರಿಗೆ ಒಳ್ಳೆಯ ರ‍್ಯಾಂಕ್ ಬಂದರೆ ಐಎಎಸ್ಸೇ ಗಂಟುಬೀಳುತ್ತದೆ.

ಯಾವ ಪದವಿಯಾದರೂ ಆದೀತು. ಮೇನ್ಸ್ 1750 ಅಂಕ, ಸಂದರ್ಶನ 275. ಉತ್ತರ ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನೇ ಐಚ್ಛಿಕವಾಗಿ ತೆಗೆದುಕೊಳ್ಳಬಹುದು. ಆದರೆ 300 ಅಂಕದ ಇಂಗ್ಲಿಷ್ ಪತ್ರಿಕೆಯಲ್ಲಿ ಶೇ 25 ದಾಟದಿದ್ದರೆ ಉಳಿದದ್ದು ಲೆಕ್ಕಕ್ಕೇ ಬರುವುದಿಲ್ಲ.

ತರಬೇತಿ ಮೊದಲು ಮಸ್ಸೂರಿಯಲ್ಲಿ, ಆಮೇಲೆ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ. ನಂತರ ಒಂದು ವಿದೇಶಿ ಭಾಷೆ. ಅರಬ್ಬಿ ಕೇಳಬಹುದು, ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ. ಸಿಕ್ಕವರು ಹೆಚ್ಚಾಗಿ ಕೈರೋಗೆ ಹೋಗುತ್ತಾರೆ.

ಲಿಪಿಗೆ ಹೆದರಬೇಕಿಲ್ಲ, 28 ಅಕ್ಷರ, ಬಲದಿಂದ ಎಡಕ್ಕೆ. ತೊಡಕಿರುವುದು ಅರಬ್ಬಿ ಎರಡಾಗಿರುವುದರಲ್ಲಿ. ಪತ್ರಿಕೆ, ಭಾಷಣ, ಒಪ್ಪಂದಗಳದ್ದು ಫುಸ್‌ಹಾ, ಬೀದಿಯದ್ದು ಆಮ್ಮಿಯ್ಯಾ. ಪುಸ್ತಕದ ಕನ್ನಡಕ್ಕೂ ತೀರ್ಥಹಳ್ಳಿ ಸಂತೆಯ ಮಾತಿಗೂ ಇರುವ ಅಂತರ ಇದರ ಮುಂದೆ ಏನೂ ಅಲ್ಲ. ‘ಹೇಗಿದ್ದೀರಿ’ ಎನ್ನಲು ಫುಸ್‌ಹಾದಲ್ಲಿ ‘ಕೈಫ ಹಾಲುಕ’, ಕೈರೋದಲ್ಲಿ ‘ಇಝಯ್ಯಕ್’, ಕುವೈತಿನಲ್ಲಿ ‘ಶ್ಲೋನಕ್’. ಓದುಬರಹಕ್ಕೆ ಫುಸ್‌ಹಾ ಗಟ್ಟಿ ಮಾಡಿಕೊಂಡು, ಜೊತೆಗೆ ಒಂದೇ ಒಂದು ಆಡುನುಡಿ ಹಿಡಿಯಿರಿ. ಎರಡು ಹಿಡಿದರೆ ಕಲಸುಮೇಲೋಗರ. ಕನ್ನಡದ ನಾಲಿಗೆಗೆ ಇನ್ನೊಂದು ಪೇಚು: ಫುಸ್‌ಹಾದಲ್ಲಿ ಗಂಟಲಾಳದಿಂದ ಬರಬೇಕಾದ ‘ಕ’ವನ್ನು ನಮ್ಮ ‘ಕ’ದಂತೆ ಉಚ್ಚರಿಸಿದರೆ ‘ಹೃದಯ’ ಹೋಗಿ ‘ನಾಯಿ’ಯಾಗುತ್ತದೆ. ಭಾಷಾ ಪರೀಕ್ಷೆ ಪಾಸಾದರೇ ತೃತೀಯ ಕಾರ್ಯದರ್ಶಿ ದ್ವಿತೀಯ ಕಾರ್ಯದರ್ಶಿಯಾಗುವುದು.

ಗಲ್ಫ್‌ನಲ್ಲಿ ಔತಣಕೂಟಕ್ಕಿಂತ ಕಾನ್ಸುಲರ್ ಕೆಲಸವೇ ಜಾಸ್ತಿ: ಪಾಸ್‌ಪೋರ್ಟ್, ಬಾಕಿ ಸಂಬಳ, ಜೈಲು ಭೇಟಿ. ಕಾರ್ಮಿಕರೊಬ್ಬರು ತೀರಿಕೊಂಡರೆ ಶವವನ್ನು ಊರಿಗೆ ಕಳಿಸಲು ಮರಣ ಪ್ರಮಾಣಪತ್ರ, ಪೊಲೀಸ್ ಅನುಮತಿ, ವಾರಸುದಾರರ ಒಪ್ಪಿಗೆ, ಎಂಬಾಮಿಂಗ್ (ಶವ ಕೆಡದಂತೆ ಸಂಸ್ಕರಿಸುವುದು) ಪ್ರಮಾಣಪತ್ರ, ರದ್ದಾದ ಪಾಸ್‌ಪೋರ್ಟ್, ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ಎಲ್ಲವೂ ಕೂಡಿಬರಬೇಕು. ಮಾಲೀಕ ಕೈಯೆತ್ತಿದರೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಖರ್ಚು ಕೊಡಿಸಲು ದಾರಿಯಿದೆ. ಊರಿನಲ್ಲಿರುವ ವಾರಸುದಾರರ ಒಪ್ಪಿಗೆ ಪತ್ರವನ್ನು ಮೊದಲ ದಿನವೇ ಕೇಳಿ. ಸೌದಿ, ಕುವೈತ್, ಕತಾರ್‌ಗಳಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಮಧ್ಯಾಹ್ನದೊಳಗೆ ಸಹಿ ಬೀಳದಿದ್ದರೆ ಕಾಗದ ಭಾನುವಾರದವರೆಗೆ ಅಲುಗುವುದಿಲ್ಲ.